ಅಂಗಿಯ ವಾಸನೆ

ಈ ವಾಸನೆ ಮಾವನ ಹಾಸಿಗೆಯದೋ, ತನ್ನ ಅಂಗಿಯದೋ? ಅವರ ಹೆಣದ ಭುಜದಡಿ ಕೈ ತೂರಿಸಿ ಎತ್ತುತ್ತಿರುವಾಗಲೂ ಫಣೀಂದ್ರನಿಗೆ ಬಗೆಹರಿಯದೆ ಉಳಿದದ್ದು ಇದೊಂದೇ. ಅಂಗಿಯದೇ ಇರಬೇಕು ಎಂದುಕೊಂಡ. ವಿಶಾಖಪಟ್ಟಣದ ಗಾಂಜಾ ತಡೆ ದಳದಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿರುವವನ ಬಟ್ಟೆಗೆ ಜಪ್ತಿ ಮಾಲಿನ ವಾಸನೆ ಹತ್ತುವುದು ಹೊಸತೇನಲ್ಲ. ಆದರೆ ರಜೆ ಹಾಕಿ ವಿಜಯವಾಡಕ್ಕೆ, ಹೆಂಡತಿಯ ತವರಿಗೆ ಬಂದು ಎರಡು ವಾರವಾಗಿತ್ತು. ಎರಡು ವಾರದಿಂದ ಜಪ್ತಿ ಕೋಣೆಯ ಹೊಸ್ತಿಲು ತುಳಿಯದವನ ಅಂಗಿಗೆ ಅದು ಎಲ್ಲಿಂದ ಬರಬೇಕು?

“ಅಳ್ಯಾರ, ಎಲ್ಲೆ ನೋಡಾಕತ್ತೀರಿ? ತಲಿ ಹಿಡೀರಿ, ತಲಿ!” ಕಾಲಿನ ಕಡೆ ನಿಂತಿದ್ದ ರಮಾಕಾಂತ ಗದರಿದ. ಅವನು ಸತ್ತವರ ತಮ್ಮ. ರಾಣೆಬೆನ್ನೂರಿನಿಂದ ರೈಲು, ಬಸ್ಸು ಬದಲಿಸಿ ಈಗಷ್ಟೇ ಬಂದಿದ್ದ. “ಅಣ್ಣ ಬ್ಯಾಂಕಿನ್ಯಾಗ ಇದ್ದಾಗ ನಾಕು ಮಂದಿ ಎತ್ತೂ ಆಳು. ಈಗ ನೋಡ್ರಿ, ಹತ್ತಿ ಚೀಲ ಆಗ್ಯಾನ.”

ಮಾವ ಅಣ್ಣಪ್ಪನವರನ್ನು ವರಾಂಡದ ಹಲಗೆಯ ಮೇಲೆ ಮಲಗಿಸಿದರು. ಎಲುಬಿಗೆ ಹಬ್ಬಿದ ಕ್ಯಾನ್ಸರು ಆ ದೇಹದಲ್ಲಿ ಹೆಚ್ಚೇನನ್ನೂ ಉಳಿಸಿರಲಿಲ್ಲ. ಹುಬ್ಬುಗಳ ನಡುವೆ ಬಿದ್ದಿದ್ದ ಗಂಟು ಮಾತ್ರ ಸಾವಿನ ನಂತರವೂ ಸಡಿಲವಾಗಿರಲಿಲ್ಲ. ಸಹನಾ ಅಪ್ಪನ ಹಣೆಯ ಮೇಲೆ ಬೆರಳಿಟ್ಟು ಅದನ್ನು ತಿಕ್ಕುತ್ತಲೇ ಇದ್ದಳು, ಇಸ್ತ್ರಿ ಮಾಡುವವಳ ಹಾಗೆ.

“ನಾನ್ನಗೆ ಇನ್ನೂ ನೋವೇನೋ ಅನ್ನಿಸ್ತಿದೆ, ಫಣಿ,” ಎಂದಳು. ಅಪ್ಪನ ಬ್ಯಾಂಕ್ ಕೆಲಸದಿಂದಾಗಿ ಇಲ್ಲಿ ತೆಲುಗಿನಲ್ಲೇ ಬೆಳೆದ ಅವಳಿಗೆ ಅಪ್ಪ ಯಾವತ್ತೂ ‘ನಾನ್ನ’ನೇ.

ಆಗಲೇ ಗೇಟಿನೆದುರು ಪೊಲೀಸ್ ಜೀಪು ನಿಂತಿತು. ಅವನ ಮೇಲಧಿಕಾರಿ ಇನ್‌ಸ್ಪೆಕ್ಟರ್ ಜಗನ್ಮೋಹನ್ ಯಾವುದೋ ಮೀಟಿಂಗಿಗೆಂದು ಊರಿಗೆ ಬಂದವರು, ಸುದ್ದಿ ತಿಳಿದು ಸಮವಸ್ತ್ರದಲ್ಲೇ ಹಾರ ಹಿಡಿದು ಇಳಿದರು. ಒಳಬಾಗಿಲಲ್ಲಿ ನಿಂತಿದ್ದ ಅತ್ತೆ ಶಾರದಾ ಆ ಖಾಕಿಯನ್ನು ಕಂಡವರೇ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ನೋಡಿದವರಿಗೆ ಅದು ಅಳುವಿನ ಹಾಗೇ ಕಂಡಿತು. ಆದರೆ ಆರೋಪಿಗಳ ಮನೆಯಲ್ಲಿ ಹೆಂಗಸರು ಹೀಗೆ ನಿಲ್ಲುವುದನ್ನು ಫಣೀಂದ್ರ ಎಷ್ಟೋ ಸಲ ಕಂಡಿದ್ದ. ಶಾರದಾರ ಕಣ್ಣು ಜೀಪಿನ ಮೇಲಿರಲಿಲ್ಲ. ಹೊರಳಿ ಹೊರಳಿ ದೇವರ ಗೂಡಿನತ್ತ ಹೋಗುತ್ತಿತ್ತು.

*

ಹೋದ ಸಂಕ್ರಾಂತಿಗೆ ಅವನು ಅನಕಾಪಲ್ಲಿಯಿಂದ ಒಂದಿಡೀ ಅಚ್ಚು ಬೆಲ್ಲ ತಂದಿದ್ದ. ಕೆಲಸದ ಮೇಲೆ ಆ ದಾರಿಯಲ್ಲಿ ಓಡಾಡುವಾಗಲೆಲ್ಲ ತರುತ್ತಿದ್ದ. ಅತ್ತೆಗೆ ಆ ಬೆಲ್ಲವೇ ಆಗಬೇಕು. ಊಟದ ಹೊತ್ತಿಗೆ ಟಿವಿಯಲ್ಲಿ ಚರ್ಚೆ ನಡೆದಿತ್ತು: ಔಷಧಕ್ಕಾಗಿ ಗಾಂಜಾ, ಕಾನೂನು ಸಡಿಲಿಸಬೇಕೇ? ಒಬ್ಬ ಡಾಕ್ಟರು, ಒಬ್ಬ ವಕೀಲರು, ಮತ್ತೊಬ್ಬರು ಯಾರೋ, ಮೂವರೂ ಒಟ್ಟಿಗೇ ಕೂಗುತ್ತಿದ್ದರು. ಅಣ್ಣಪ್ಪನವರು ರಿಮೋಟು ಒತ್ತಿ ದನಿಯಡಗಿಸಿದರು.

“ಆ ಕಾಯ್ದೆ ಓದಿದೆ ನಾ,” ಎಂದರು. ಇಡೀ ಜೀವಮಾನ ಬ್ಯಾಂಕಿನ ಸುತ್ತೋಲೆಗಳನ್ನು ಓದಿದವರು. ಕಾಯಿಲೆ ಬಿದ್ದ ಮೇಲೆ ಔಷಧದ ಡಬ್ಬಿಯ ಮೇಲಿನ ಸಣ್ಣಕ್ಷರವನ್ನೂ ಬಿಡುತ್ತಿರಲಿಲ್ಲ. “ಎಲಿಗೆ ಒಂದು ನ್ಯಾಯ, ಹೂವಿಗೆ ಒಂದು ನ್ಯಾಯ ಐತಿ ಅದರಾಗ. ಒಂದs ಗಿಡ ಅಲ್ಲೇನ್ರಿ ಪೊಲೀಸಪ್ಪ?”

“ಔಷಧ ಅಂತ ಒಂದು ಬಾಗಿಲು ತೆಗೆದರೆ, ಅದರಲ್ಲಿ ಲಾರಿ ನುಗ್ಗುತ್ತೆ ಮಾವಯ್ಯ.”

“ಬಾಗಲಾ ಬ್ಯಾಡ. ಒಂದು ಕಿಟಕಿ?”

ಎಲ್ಲರೂ ನಕ್ಕರು. ಫಣೀಂದ್ರನಿಗೆ ಮಾತ್ರ ನಗು ಬರಲಿಲ್ಲ. ಅವನ ಕಣ್ಣೆದುರು ಬೆಟ್ಟದ ಮೇಲಿನ ಜನರಿದ್ದರು. ದಿನಗೂಲಿಗೆ ಮೂಟೆ ಹೊತ್ತು ಸಿಕ್ಕಿಬಿದ್ದವರು. ಮೂಟೆ ಯಾರದೆಂದು ಕೇಳಿದರೆ ಕಾಲುಗಳನ್ನು ನೋಡಿಕೊಳ್ಳುವವರು. ಅವರ ಕೈಗೆ ಅವನೇ ಬೇಡಿ ತೊಡಿಸಿದ್ದ.

“ಕೂಲಿಗೆ ಹೊತ್ತವರು ವರ್ಷಗಟ್ಟಲೆ ಜೈಲಲ್ಲಿ ಕೊಳೀತಿದ್ದಾರೆ. ಅವರಿಗೊಂದು ಕಾನೂನು, ನಮಗೊಂದು ಕಿಟಕಿ ಅಂದರೆ ಹೇಗೆ? ನಮ್ಮ ಮನೇಲೇ ಸಿಕ್ಕಿದರೂ ನಾನು ಕೇಸು ಹಾಕಲೇಬೇಕು.”

ಗಟ್ಟಿಯಾಗಿ ಹೇಳಿದ ಮಾತಲ್ಲ. ತುತ್ತು ಕಲಸುತ್ತ ಹೇಳಿದ್ದು. ಬಡಿಸುತ್ತಿದ್ದ ಶಾರದಾರ ಕೈಯ ಸೌಟು ಅರೆಗಳಿಗೆ ತಡೆದು ಮುಂದೆ ಹೋಯಿತು.

“ಖರೆ ಐತಿ,” ಎಂದರು ಅಣ್ಣಪ್ಪನವರು. “ನ್ಯಾಯದ ಮಾತು.” ಟಿವಿಗೆ ಮತ್ತೆ ದನಿ ಬಂತು. ಆಮೇಲೆ ಆ ವಿಷಯವನ್ನು ಅವರು ಅವನೆದುರು ಎತ್ತಲಿಲ್ಲ.

ಅದಾದ ಮೇಲಿನ ಭೇಟಿಗಳಲ್ಲೇ ವಾಸನೆ ಶುರುವಾದದ್ದು. ತುಪ್ಪದಲ್ಲಿ ಹುರಿದ ಎಳ್ಳು, ಬೆಲ್ಲದ ಪಾಕ, ಅವುಗಳ ಅಡಿಯಲ್ಲಿ ಒಣಗಿದ ಹಸಿರಿನ ಕಟು ವಾಸನೆ. ಮೊದಲ ಸಲ ಅವನು ಮೂಗರಳಿಸಿದಾಗ ಶಾರದಾ ಎಂದಿದ್ದರು: “ನಿಮ್ಮ ಅಂಗೀ ವಾಸ್ನಿ ನೋಡ್ರಿ ಅದು. ಬಿಚ್ಚಿ ಕೊಡ್ರಿ, ಒಗದು ಹಾಕ್ತೀನಿ.” ಅವನು ಬಿಚ್ಚಿಕೊಟ್ಟಿದ್ದ. ಅಂದಿನಿಂದ ಅವನು ಬಂದ ತಕ್ಷಣ ಅಂಗಿ ಬಕೆಟ್ಟಿಗೆ ಹೋಗುವುದು ಮನೆಯ ರೂಢಿಯಾಯಿತು. ಅವರಿಗೂ ಅದು ಅನುಕೂಲವಾಗಿತ್ತು, ಅವನಿಗೂ.

*

ಚಟ್ಟ ಕಟ್ಟುವುದು ಮುಗಿಯುತ್ತ ಬಂದಿತ್ತು. ಪಕ್ಕದ ಮನೆಯ ಹೈಮಾವತಿ ಹೂ ತಂದಿದ್ದಳು. ಹಿಂದೆ ಅವಳ ಗಂಡನೂ ಇದೇ ರೋಗದಲ್ಲಿ ಹೋದವನು. “ಲೋನಿಗೆ ಹೆಬ್ಬೆಟ್ಟು ಒತ್ತೋಕೆ ಹೋದರೆ ಮಸಿಯನ್ನ ತಮ್ಮ ಕರ್ಚೀಫಿನಿಂದ ಒರೆಸಿಕೊಡೋರು, ಅಂಥಾ ಮನುಷ್ಯ,” ಎಂದು ತೆಲುಗಿನಲ್ಲಿ ಯಾರಿಗೋ ಹೇಳುತ್ತ ಬಂದವಳು ಶಾರದಾರ ಪಕ್ಕ ಕುಳಿತು, ಕಿವಿಯ ಬಳಿ ಏನೋ ಉಸುರಿದಳು. ಶಾರದಾ ಎದ್ದರು. ದೇವರ ಗೂಡಿನ ಹಿಂದಿನಿಂದ ಬಿಳಿ ಬಟ್ಟೆಯ ಗಂಟೊಂದನ್ನು ತಂದು, ಗಂಡನ ಜೋಡಿಸಿದ ಕೈಗಳ ಕೆಳಗೆ, ಹೊದಿಕೆಯೊಳಗೆ ತುರುಕಿದರು.

“ಏನ್ರಿ ವೈನಿ ಅದು?” ರಮಾಕಾಂತ ಬಗ್ಗಿದ.

“ಎಳ್ಳುಂಡಿ. ಅವರಿಗೆ ಸೇರತಿತ್ತು.”

“ಅಣ್ಣಗ ಸಿಹಿ ಯಾವಾಗಿಂದ ಸೇರಾಕ ಹತ್ತಿತ್ತು? ಹೋಳಿಗಿ ಕಂಡ್ರ ಓಡತಿದ್ದ.” ಹಸಿದವನ ಕೈ ಗಂಟಿನತ್ತ ಚಾಚಿತು. “ಇಷ್ಟೆಲ್ಲಾ ಯಾಕ ಸುಡತೀರಿ? ಒಂದು ಕೊಡ್ರಿ ಇಲ್ಲೆ. ರಾತ್ರಿಯಿಂದ ಬಾಯಾಗ ಹನಿ ನೀರಿಲ್ಲ.”

“ಬಿಡ್ರೀ!” ಶಾರದಾರ ಕೂಗಿಗೆ ವರಾಂಡವೆಲ್ಲ ತಿರುಗಿತು. ಗೇಟಿನ ಬಳಿ ನಿಂತಿದ್ದ ಜಗನ್ಮೋಹನ್ ಕೂಡ. ಶಾರದಾ ದನಿ ತಗ್ಗಿಸಿದರು. “ಹೆಣದ ಮ್ಯಾಲೆ ಇಟ್ಟದ್ದನ್ನ ತಿಂತಾರೇನು, ತಮ್ಮಾ?”

“ನಾ ಚ್ಯಾಷ್ಟಿಗೆ ಅಂದೆ ವೈನಿ,” ಎಂದು ರಮಾಕಾಂತ ಹಿಂದೆ ಸರಿದ.

ಶಾರದಾರ ಕಣ್ಣು ಒಮ್ಮೆ, ಒಂದೇ ಒಮ್ಮೆ, ಅಳಿಯನ ಕಣ್ಣನ್ನು ಸಂಧಿಸಿತು. ಫಣೀಂದ್ರ ಬಗ್ಗಿ ಚಟ್ಟದ ಹಗ್ಗ ಬಿಗಿಯಾಗಿದೆಯೇ ಎಂದು ನೋಡತೊಡಗಿದ. ಹಗ್ಗ ಬಿಗಿಯಾಗಿಯೇ ಇತ್ತು.

*

ಕೊನೆಯ ಎರಡು ವಾರ ತಾನು ಪಕ್ಕದಲ್ಲೇ ಇರುತ್ತೇನೆಂದು ಅವನಾಗಿಯೇ ಬಂದಿದ್ದ. “ನೀವಿದ್ದರೆ ನಾನ್ನಗೆ ಧೈರ್ಯ,” ಎಂದಿದ್ದಳು ಸಹನಾ. ಮಾವನ ಕೋಣೆಯಲ್ಲೇ ಚಾಪೆ ಹಾಸಿದ. ಮೈ ಒರೆಸಿದ, ಮಗ್ಗುಲು ಬದಲಿಸಿದ, ಬಕೆಟ್ಟು ಹಿಡಿದ. ಆಸ್ಪತ್ರೆ ಕೊಟ್ಟ ನೋವಿನ ಮಾತ್ರೆ ಅವರ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬೀದಿಯವರೆಲ್ಲ, ಇಂಥ ಅಳಿಯ ಏಳು ಜನ್ಮಕ್ಕೆ ಸಿಗಬೇಕು ಎಂದರು.

“ಒಂಚೂರು ಹೊಳಿ ಕಡೆ ಅಡ್ಡಾಡಿ ಬರ್ರಿ,” ಎನ್ನುತ್ತಿದ್ದರು ಶಾರದಾ. “ದಿನಾ ಒಳಗs ಕುಂತ್ರ ನಿಮಗ ಹುಚ್ಚು ಹಿಡೀತೈತಿ.”

“ಇರಲಿ ಅತ್ತಯ್ಯ, ನಾನಿಲ್ಲೇ ಇರ್ತೀನಿ.”

“ಗುಡಿಗರ ಹೋಗಿ ಬರ್ರಿ. ಅವರ ಹೆಸರಿಲೆ ಒಂದು ಕಾಯಿ ಒಡಸ್ರಿ.”

“ಸಹನಾ ಹೋಗ್ತಾಳೆ.”

ಒಂದು ಸಂಜೆ ಮಾತ್ರೆ ತೀರಿತ್ತು. ಹತ್ತಿರದ ಅಂಗಡಿಯಲ್ಲಿ ಸಿಗಲಿಲ್ಲ. ಆಸ್ಪತ್ರೆಯ ತನಕ ಹೋಗಿ ಬಂದ. ಹಿಂತಿರುಗಿದಾಗ ಅಣ್ಣಪ್ಪನವರು ನಿದ್ದೆ ಮಾಡುತ್ತಿದ್ದರು. ಹುಬ್ಬಿನ ಗಂಟು ಬಿಚ್ಚಿತ್ತು. ತಟ್ಟೆಯಲ್ಲಿ ಅರ್ಧ ಇಡ್ಲಿ ಮುಗಿದಿತ್ತು. ತುಟಿಯ ಅಂಚಿಗೆ ಒಂದು ಎಳ್ಳು ಅಂಟಿತ್ತು.

ಅವನು ಬಾಗಿಲಲ್ಲಿ ನಿಂತು ಆ ಎಳ್ಳನ್ನೇ ನೋಡಿದ. ಇನ್ನು ತಾನಾಗಿ ಹೊರಗೆ ಹೋದರೆ, ಅತ್ತೆ ಉಂಡೆ ಕೊಡಲಿ ಎಂದು ಗೊತ್ತಿದ್ದೇ ಎದ್ದು ಹೋದಂತಾಗುತ್ತದೆ. ಗೊತ್ತಿದ್ದೇ ಎದ್ದು ಹೋದರೆ, ಬೆಟ್ಟದವರ ಕೈಗೆ ತೊಡಿಸಿದ ಬೇಡಿಗೆ ಏನರ್ಥ? ಒಳಗೇ ಕುಳಿತರೆ ತನಗೇನೂ ತಿಳಿದಿಲ್ಲ. ಅವನು ಒಳಗೇ ಕುಳಿತ.

ಮಧ್ಯರಾತ್ರಿ ಅಣ್ಣಪ್ಪನವರು ಹಲ್ಲು ಕಚ್ಚಿ ಮಂಚದ ಪಟ್ಟಿ ಹಿಡಿದುಕೊಂಡಾಗ ಅವನು ಅವರ ಬೆನ್ನು ನೀವುತ್ತಿದ್ದ. “ನೀವು ಮಲಕೋರಿ,” ಎನ್ನುತ್ತಿದ್ದರು ಅವರು. ಒಮ್ಮೆ, “ಊರಿಗೆ ಹೋಗೂದಿಲ್ಲೇನ್ರಿ, ಡ್ಯೂಟಿ ಇಲ್ಲೇನು?” ಎಂದೂ ಕೇಳಿದರು. ಬಾಗಿಲಾಚೆ ಶಾರದಾರ ಬಳೆಯ ಸದ್ದು ಬರುವುದು, ನಿಲ್ಲುವುದು, ಮತ್ತೆ ಅಡುಗೆಮನೆಯ ಕಡೆ ಹೋಗುವುದು.

“ರಜೆ ಇದೆ ಮಾವಯ್ಯ. ನಾನಿದ್ದೀನಿ, ಹೆದರಬೇಡಿ.”

ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

*

ಕೃಷ್ಣೆಯ ದಂಡೆಯಲ್ಲಿ ಗಾಳಿಯಿತ್ತು. ಗಂಡುಮಕ್ಕಳಿಲ್ಲದ ಅಣ್ಣನಿಗೆ ತಾನೇ ಬೆಂಕಿ ಕೊಡುವುದು ರಮಾಕಾಂತನ ಹಕ್ಕು. ಅವನೇ ಅದನ್ನು ಬಿಟ್ಟುಕೊಟ್ಟ. “ಅಳಿಯಾನs ಕೊಡ್ಲಿ ಅಂತ ಫೋನಿನ್ಯಾಗ ಹೇಳಿದ್ದ ಅಣ್ಣ. ಮಗನಕಿಂತ ಹೆಚ್ಚು ಅಂದಿದ್ದ.” ಫಣೀಂದ್ರ ನದಿಯಲ್ಲಿ ಮುಳುಗಿ, ಬರಿಮೈಯಲ್ಲಿ, ಒದ್ದೆ ಪಂಚೆಯಲ್ಲಿ ಬಂದು ನಿಂತ.

ಸೌದೆ ಜೋಡಿಸುತ್ತಿದ್ದ ಸ್ಮಶಾನದ ಆಳು ಹೊದಿಕೆಯ ಮೇಲೆ ಕೈಯಾಡಿಸಿದ. ಪ್ಲಾಸ್ಟಿಕ್ಕು, ಉಂಗುರ ಏನಾದರೂ ಉಳಿದಿದ್ದರೆ ತೆಗೆಯುವುದು ಅವನ ಕ್ರಮ. ಅವನ ಕೈಗೆ ಗಂಟು ಸಿಕ್ಕಿತು. ಎತ್ತಿ ಹಿಡಿದ.

“ಇದು ತೀಸೆಯ್ಯನಾ ಬಾಬು?” ತೆಗೆದುಬಿಡಲೇ ಎಂದು ಅವನು ಕೇಳಿದ.

ಜಗನ್ಮೋಹನ್ ಎರಡು ಹೆಜ್ಜೆ ದೂರದಲ್ಲಿದ್ದರು. ಬೇಸಿಗೆಗೆ ಕರಗಿದ ಬೆಲ್ಲ ಬಟ್ಟೆಯಲ್ಲಿ ಕಂದು ಕಲೆ ಮೂಡಿಸಿತ್ತು. ಬಿಚ್ಚಿದರೆ ಮುಗಿಯಿತು: ಶಾರದಾ, ಹೈಮಾವತಿ, ಹೈಮಾವತಿಗೆ ತಂದುಕೊಟ್ಟವರು, ಎಲ್ಲರ ಹೆಸರೂ ಒಂದೇ ದಾರದಲ್ಲಿ ಬರುತ್ತವೆ. ಹಾಗೆ ದಾರ ಎಳೆಯುವುದೇ ಅವನ ಕೆಲಸವಾಗಿತ್ತು.

“ಉಂಡನೀ,” ಎಂದ ಫಣೀಂದ್ರ. ಇರಲಿ ಬಿಡು.

ಆಳು ಗಂಟನ್ನು ಎದೆಯ ಮೇಲಿಟ್ಟು ಸೌದೆ ಮುಚ್ಚಿದ.

ಬೆಂಕಿ ಮೊದಲು ಕಾಲಿನ ಕಡೆ ಹೊತ್ತಿ, ಆಮೇಲೆ ಎದೆಯ ಕಡೆ ಬಂತು. ತುಪ್ಪ, ಕರ್ಪೂರ, ಹಸಿ ಸೌದೆ. ಅವುಗಳ ನಡುವಿನಿಂದ ಆ ಕಟು ವಾಸನೆ ತೆಳ್ಳಗೆ ಎದ್ದಿತು. ಸುತ್ತ ನಿಂತವರಾರಿಗೂ ಏನೂ ಅನ್ನಿಸಲಿಲ್ಲ; ರಮಾಕಾಂತ ಕಣ್ಣೊರೆಸಿಕೊಳ್ಳುತ್ತಿದ್ದ. ಜಗನ್ಮೋಹನ್ ಮಾತ್ರ ಮುಖವೆತ್ತಿದರು. ಗಾಳಿ ಬಂದ ದಿಕ್ಕಿಗೆ ತಿರುಗಿದರು. ಇಪ್ಪತ್ತು ವರ್ಷ ಬೆಟ್ಟದ ದಾರಿ ಕಾದ ಮೂಗು ಅದು.

ಫಣೀಂದ್ರ ತುಪ್ಪದ ಪಾತ್ರೆಯಲ್ಲಿ ಉಳಿದಿದ್ದನ್ನೆಲ್ಲ ಬೆಂಕಿಗೆ ಸುರಿದ.

“ಫಣೀ,” ಜಗನ್ಮೋಹನ್ ಹತ್ತಿರ ಬಂದು ತೆಲುಗಿನಲ್ಲಿ ಕೇಳಿದರು, “ನಿನ್ನ ಅಂಗಿ ಎಲ್ಲಿ?”

“ಮನೆಯಲ್ಲಿದೆ, ಸರ್.”

ಅವರು ಅವನ ಬರಿಮೈಯನ್ನೂ, ತೊಟ್ಟಿಕ್ಕುತ್ತಿದ್ದ ಪಂಚೆಯನ್ನೂ, ಚಿತೆಯನ್ನೂ ನೋಡಿದರು. ತಮ್ಮ ತೋಳನ್ನು ಮೂಗಿನ ಬಳಿ ತಂದು ಮೂಸಿದರು.

“ಹಾಗಾದರೆ ನನ್ನದೇ ಇರಬೇಕು,” ಎಂದರು. “ಎಷ್ಟು ಒಗೆದರೂ ಹೋಗಲ್ಲ, ದರಿದ್ರದ್ದು.” ಅವನ ಹೆಗಲು ತಟ್ಟಿ ಜೀಪಿನ ಕಡೆ ನಡೆದರು.

ಅಷ್ಟು ಸಣ್ಣ ಮಾತು. ವಾಸನೆ ತನ್ನದೇ ಎಂದುಬಿಡುವ ಆ ಮಾತು ಇಷ್ಟು ತಿಂಗಳು ಅವನ ಬಾಯಿಗೆ ಬಂದಿರಲಿಲ್ಲ.

*

ಮನೆಗೆ ಮರಳಿದಾಗ ಸಂಜೆಯಾಗಿತ್ತು. ಬಾಗಿಲಲ್ಲಿ ಬಕೆಟ್ಟು, ತಂಬಿಗೆ ಇಟ್ಟಿದ್ದರು. ಒಳಗೆ, ಮಾವ ಪ್ರಾಣಬಿಟ್ಟ ಜಾಗದಲ್ಲಿ ದೀಪ ಉರಿಯುತ್ತಿತ್ತು. ಹೈಮಾವತಿ ಗೋಡೆಗೊರಗಿದ್ದ ಸಹನಾಳಿಗೆ ಕಾಫಿ ಕುಡಿಸಲು ಒತ್ತಾಯಿಸುತ್ತಿದ್ದಳು.

ಫಣೀಂದ್ರ ಕಾಲು ತೊಳೆದುಕೊಂಡು ಹಿತ್ತಲಿಗೆ ಬಂದ. ಶಾರದಾ ಅಲ್ಲಿದ್ದರು.

“ಎಲ್ಲಾ ಸುಟ್ಟಿತೇನ್ರಿ?” ಅವರು ತಲೆಯೆತ್ತಲಿಲ್ಲ.

“ಎಲ್ಲ ಸುಟ್ಟಿತು, ಅತ್ತಯ್ಯ.”

“ಏನೂ ಉಳೀಲಿಲ್ಲಲ್ಲ?”

“ಇಲ್ಲ.”

ಅವರ ಹೆಗಲು ಒಂದಿಷ್ಟು ಇಳಿಯಿತು. ಅವರ ಮುಂದೆ ಬಕೆಟ್ಟಿತ್ತು. ಬೆಳಿಗ್ಗೆ ಅವನು ಮೊಳೆಗೆ ನೇತುಹಾಕಿ ಹೋದ ಅಂಗಿಯನ್ನು ಅದರಲ್ಲಿ ನೆನೆಹಾಕಿ, ಮಂಡಿಯೂರಿ ಕುಳಿತು ಸೋಪು ಹಚ್ಚುತ್ತಿದ್ದರು. ಗಂಡ ಸತ್ತ ದಿನ ಮುಟ್ಟಬಾರದ ಕೆಲಸವೆಂದು ಯಾರಾದರೂ ಹೇಳಿದ್ದರೂ ಹೇಳಿರಬಹುದು.

“ವಾಸ್ನಿ ಬರಾಕತ್ತಿತ್ತರಿ,” ಎಂದರು. “ನಿಮ್ಮ ಅಂಗೀದು.”

ಅದು ನಿನ್ನೆಯಷ್ಟೇ ಒಗೆದ ಅಂಗಿ. ಅವರು ಕಾಲರನ್ನು ಉಜ್ಜಿದರು, ತೋಳನ್ನು ಉಜ್ಜಿದರು, ನೊರೆ ಮೊಣಕೈವರೆಗೆ ಏರಿತು. ಅವನು ಪಕ್ಕದಲ್ಲಿ ನಿಂತೇ ಇದ್ದ. ಅವರು ಹಿಂಡಿ ಕೊಟ್ಟ ಅಂಗಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಂತಿಯ ಮೇಲೆ ಹರವಿದ.

ತನಗೆ ಮೊದಲಿನಿಂದಲೂ ಗೊತ್ತಿತ್ತು, ತಾನಿದ್ದಾಗಲೂ ಆ ಉಂಡೆ ಕೊಡಬಹುದಿತ್ತು ಎಂದು ಅವನು ಮಾವನಿಗೆ ಹೇಳಿರಲಿಲ್ಲ, ಅತ್ತೆಗೂ ಹೇಳಲಿಲ್ಲ.