ಕೆಂಪು ಗಂಟು

"ಹಿಡಿಯವ್ವಾ, ನಿಮ್ಮತ್ತಿ ಕಡೀ ಸಲ ಕೈಯಾರೆ ಕುದಿಸಿಟ್ಟದ್ದು. ಮಣ್ಣಿಗೆ ಎತ್ತೂದ್ರೊಳಗ ಕುಡದಬಿಡು, ಮುದುಕಿ ಜೀವಕ್ಕ ಸಮಾಧಾನ ಆಗತೈತಿ," ಎನ್ನುತ್ತ ನೆರೆಮನೆಯ ಬಾಯವ್ವ ಕಷಾಯದ ಬಟ್ಟಲನ್ನು ಗುಲಫಶಾಳ ಕೈಗೆ ತುರುಕಿದಳು.

ಗುಲಫಶಾ ಐದು ತಿಂಗಳ ಹೊಟ್ಟೆಯ ಮೇಲೆ ಸೆರಗೆಳೆದುಕೊಂಡು ನಡುಮನೆಯತ್ತ ನೋಡಿದಳು. ಅಲ್ಲಿ ಅತ್ತೆ ಮದರಬಿ ಬಿಳಿ ಕಫನ್ ಬಟ್ಟೆಯಲ್ಲಿ ಹೆಣವಾಗಿ ಮಲಗಿದ್ದಳು. ಅರ್ಧ ಕಟಕೋಳ ಊರು ಭೂಮಿಗೆ ಬಿದ್ದದ್ದೇ ಆ ಸೂಲಗಿತ್ತಿಯ ಕೈಮೇಲೆ. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

"ನನ್ನ ಮಕ್ಕಳೆಲ್ಲಾ ಆಕೀ ಕೈಯಾಗನ ಹುಟ್ಟಿದ್ವು," ಬಾಯವ್ವ ಮೂಗೊರೆಸಿಕೊಂಡಳು. "ನಿನ್ನ ಹಣೇಬರಾನ ಹಂಗ. ಆಕೀ ಮನೀ ಸೊಸೀಗೇ ಎರಡು ಸಲ ಬಸರು ನಿಲ್ಲಲಿಲ್ಲ. ದೀಪದ ಬುಡದಾಗ ಕತ್ತಲಿ ಅನ್ನೂದು ಸುಳ್ಳಲ್ಲ. ಕುಡಿಯವ್ವಾ."

"ಕುಡಿತೇನ್ರಿ," ಎಂದಳು ಗುಲಫಶಾ. ಬಟ್ಟಲು ಮೇಲೇಳಲಿಲ್ಲ.

*

ಎರಡನೆಯ ಬಸಿರೂ ಹೋದಾಗ ರಾಮದುರ್ಗದ ಡಾಕ್ಟರಮ್ಮ ಕೇಳಿದ್ದರು: "ನಾಟಿ ಔಷಧ ಏನಾರ ತಗೊಂಡಿದ್ದಿಯೇನು? ಗರ್ಭಚೀಲ ಬಿಗೀಲಾರದಂಗ ಮೈಯಾಗಿನ ಹಾರ್ಮೋನು ಅದನ್ನ ತಡದು ಹಿಡದಿರತಾವ. ಕೆಲವು ಬೇರು ಆ ಹಿಡಿತಾ ಬಿಡಸತಾವ, ಬಸರು ಇಳದಹೋಗತೈತಿ."

ಅವಳು ಬಾಯಿ ತೆರೆಯುವ ಮೊದಲೇ ಗಂಡ ಸಾಜಿದ್ "ಏನೂ ಇಲ್ರಿ" ಎಂದಿದ್ದ. ಹೊರಗೆ ಬಂದು, "ನಮ್ಮಮ್ಮಾನ ಮ್ಯಾಲ ಸಂಶೇ ಪಟ್ಟಿ ಅಂದ್ರ ನೋಡು," ಎಂದು ಹಲ್ಲು ಕಡಿದಿದ್ದ.

ಮದರಬಿಯ ಬಳಿ ಎರಡು ಗಂಟುಗಳಿದ್ದವು. ಹಸಿರು ಬಟ್ಟೆಯಲ್ಲಿ ‘ಹಲವು ಮಕ್ಕಳ ತಾಯಿ’ ಎಂಬ ಬಳ್ಳಿಯ ಬೇರಿನ ಪುಡಿ, ಬಸುರಿಯ ಕಸುವಿಗೆ. ಕೆಂಪು ಬಟ್ಟೆಯಲ್ಲಿ ಉತ್ತರಾಣಿ ಬೇರಿನ ಪುಡಿ, ದಿನ ತುಂಬಿಯೂ ನೋವು ಬಾರದವಳಿಗೆ ಮಾತ್ರ. ಮುದುಕಿಯ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಅದನ್ನು ಒಪ್ಪಿಕೊಳ್ಳುವ ಹೆಣ್ಣೇ ಅವಳು?

"ಅಮ್ಮಾ, ಅದು ಕೆಂಪು ಗಂಟರಿ," ಎಂದು ಈ ಸಲ ಗುಲಫಶಾ ಒಮ್ಮೆ ಹೇಳಿಯೇಬಿಟ್ಟಳು.

"ನನಗ ಬಣ್ಣಾ ಕಲಿಸಾಕ ಬಂದೀಯೇನ? ನಿನ್ನ ಗಂಡನ್ನ ಹಡದಾಕಿ ನಾನು!" ಎಂದು ಗದರಿದ ಮದರಬಿ, ಮರುಗಳಿಗೆ ಸೊಸೆಯ ಹೊಟ್ಟೆ ಸವರಿ, "ಕುಡಿ ನನ್ನ ಬಂಗಾರಾ, ಈ ಕೂಸು ನನ್ನ ಕೈಯಾಗ ಹುಟ್ಟಬೇಕು," ಎಂದಳು. ಆ ಅಕ್ಕರೆ ಕಂಡು ಗುಲಫಶಾಳಿಗೆ ಅಳು ಬಂತು. ಅಂಥ ಅತ್ತೆಯನ್ನು ಹೇಗೆ ದೂರುವುದು?

ಅಂದಿನಿಂದ ಅವಳು ಕಷಾಯವನ್ನು ಕದ್ದು ಹಿತ್ತಲಿಗೊಯ್ದು ಗಬ್ಬದ ಆಡಿನ ಮುಸುರೆಗೆ ಸುರಿಯತೊಡಗಿದಳು. ಆಡಿಗೆ ಇನ್ನೂ ದಿನ ತುಂಬಿರಲಿಲ್ಲ. ಯಾ ಅಲ್ಲಾ, ನನ್ನ ಸಂಶಯ ಸುಳ್ಳಾಗಲಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದಳು.

*

"ಜನಾಜಾ ಎತ್ತೂ ಹೊತ್ತಾತು," ಎನ್ನುತ್ತ ಸಾಜಿದ್ ಒಳಬಂದ. ಅತ್ತತ್ತು ಅವನ ಮುಖ ಬಾತಿತ್ತು. ಬಟ್ಟಲು ಕಂಡವನೇ ನಿಂತ.

"ಅಮ್ಮಾ ಮಾಡಿದ್ದು ಇನ್ನೂ ಕುಡದಿಲ್ಲೇನ? ಆಕೀ ಮುಂದ ಕುಡಿ, ಗುಲಫಶಾ. ಕೈ ಮುಗಿತೇನಿ."

ಹೆಂಗಸರೆಲ್ಲ ತಿರುಗಿ ನೋಡಿದರು. ಗುಲಫಶಾ ಬಟ್ಟಲನ್ನು ತುಟಿಯವರೆಗೆ ಒಯ್ದಳು. ಒಳಗೆ ಕೂಸು ಮಿಸುಕಿತು.

ಅಷ್ಟರಲ್ಲಿ ಹಿತ್ತಲಲ್ಲಿ ಆಡು ಕರುಳು ಕಿತ್ತುಬರುವಂತೆ ಅರಚಿತು. ಬಾಯವ್ವ ಓಡಿಹೋಗಿ ಬಂದಳು.

"ಅಯ್ಯ ಶಿವನ! ಆಡು ದಿನಾ ತುಂಬೂ ಮೊದಲ ಕಂದು ಹಾಕೇತಿ. ಮೂಕ ಪ್ರಾಣಿಗೂ ಸಾವಿನ ದುಃಖ ತಟ್ಟತು ನೋಡ್ರಿ!"

ಹೊರಗೆ ಸಾಜಿದ್‌ನನ್ನು ಹೆಗಲು ಕೊಡಲು ಕೂಗಿದರು. ಕಲಿಮಾ ಹೇಳುತ್ತ ಜನ ಮದರಬಿಯನ್ನು ಹೊತ್ತು ಹೊರಟರು. ಹೆಂಗಸರು ಬಾಗಿಲತ್ತ ನುಗ್ಗಿ ಗೋಳೋ ಎಂದು ಅತ್ತರು. ಗುಲಫಶಾ ಬಟ್ಟಲು ಹಿಡಿದುಕೊಂಡೇ ಹಿತ್ತಲಿಗೆ ಬಂದಳು.

ರೋಮ ಮೂಡದ ಎರಡು ಮರಿಗಳನ್ನು ಆಡು ನೆಕ್ಕುತ್ತಿತ್ತು. ಅವು ಮಿಸುಕಲಿಲ್ಲ. ಅವಳ ಹೆಜ್ಜೆ ಸಪ್ಪಳಕ್ಕೆ ಅದು ತಲೆಯೆತ್ತಿತು, ನಡುಗುವ ಕಾಲೂರಿ ಎದ್ದಿತು, ದಿನದ ರೂಢಿಯಂತೆ ಅವಳ ಕೈಯ ಬಟ್ಟಲಿಗೆ ಬಾಯಿ ಚಾಚಿತು.