ಹೊರಡದಿರಲು ಇವತ್ತಿನ ಕಾರಣ

ಮೈಕಿನ ಗುಂಡಿ ಒತ್ತುವ ಮೊದಲು ವರ್ನಾ ಹಾಲ್‌ಸ್ಟೆಡ್ ಚುಕ್ಕಾಣಿ ಕೋಣೆಯ ಕಿಟಕಿಯಿಂದ ಒಮ್ಮೆ ಹೊರಗೆ ನೋಡಿದಳು. ಎಲೆ ಅಲುಗದ ಬೆಳಗು. ಮಿಸಿಸಿಪ್ಪಿಯ ಆಚೆ ದಡದಲ್ಲಿದ್ದ ನೀರಿನ ಟ್ಯಾಂಕಿನ ಮೇಲಿನ ಅಕ್ಷರಗಳನ್ನು ಕನ್ನಡಕವಿಲ್ಲದೆಯೂ ಓದಬಹುದಿತ್ತು.

"ಪ್ರಯಾಣಿಕರ ಗಮನಕ್ಕೆ," ಎಂದಳು. "ನದಿಯ ಮೇಲೆ ದಟ್ಟವಾದ ಮಂಜು ಕವಿದಿದೆ. ಆದ್ದರಿಂದ ಈ ವಿಹಾರ ದಡದಲ್ಲೇ ನಡೆಯುತ್ತದೆ. ದಡಕ್ಕೆ ಹಾಕಿದ ಹಲಗೆ ಎತ್ತುತ್ತಿದ್ದೇವೆ."

ಕೆಳಗಿನ ಅಂತಸ್ತಿನಲ್ಲಿ ಚಪ್ಪಾಳೆ ಬಿತ್ತು. ಯಾರೋ ಸಿಳ್ಳೆ ಹೊಡೆದರು. ಬಾರಿನ ಓಡೆಲ್ ಮೆಟ್ಟಿಲ ಬುಡಕ್ಕೆ ಬಂದು ಕೂಗಿದ: "ಥೂ, ನಾನು ಗಾಳಿ ಅಂದಿದ್ದೆ ಕ್ಯಾಪ್ಟನ್! ನಿನ್ನಿಂದ ಇವತ್ತೂ ಒಂದು ತುಂಡು ಪೈ ಕಳ್ಕೊಂಡೆ!"

ಬೆಲ್‌ಫೋರ್ಟ್ ಊರಿನ ಏಕೈಕ ಜೂಜಿನ ಹಡಗು 'ಪ್ರೇರಿ ಡಚೆಸ್'. ನೆಲದ ಮೇಲೆ ಜೂಜು ಪಾಪ, ನೀರಿನ ಮೇಲೆ ಸಾಗುವಾಗ ಪಾಪವಲ್ಲ ಎಂದು ಆ ರಾಜ್ಯದ ಕಾನೂನು ನಂಬಿತ್ತು. ಹಡಗು ಹೊರಡಲೇಬೇಕು. ಹೊರಡುವುದು ಅಪಾಯವೆಂದು ಕ್ಯಾಪ್ಟನ್ ಸಾರಿದರೆ ಮಾತ್ರ ದಡದಲ್ಲೇ ಆಡಿಸಬಹುದು. ಆಗಲೂ ಹಲಗೆ ಎತ್ತಿ, ಹಡಗು ಸಾಗುತ್ತಿದೆಯೆಂದೇ ಭಾವಿಸಿ, ವಿಹಾರದ ಹೊತ್ತು ಮುಗಿಯುವವರೆಗೆ ಯಾರನ್ನೂ ಇಳಿಸಕೂಡದು. ಜೂಜಾಡಲು ಬಂದವರಿಗೆ ನದಿ ಬೇಕಿರಲಿಲ್ಲ. ಹಡಗು ಅಲುಗಿದರೆ ಇಸ್ಪೀಟೆಲೆ ಜಾರುತ್ತದೆ, ಮುದುಕರಿಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ವರ್ನಾ ದಿನಕ್ಕೆ ಹಲವು ಸಲ ಒಂದೊಂದು ಕಾರಣ ಹೇಳುತ್ತಿದ್ದಳು. ಮಂಜು, ಗಾಳಿ, ತೇಲಿಬರುವ ಮರದ ದಿಮ್ಮಿ, ಸಿಡಿಲಿನ ಮುನ್ಸೂಚನೆ. ಮುಂದಿನ ಕಾರಣ ಯಾವುದೆಂದು ಸಿಬ್ಬಂದಿ ಪೈ ಎಂಬ ಸಿಹಿತಿನಿಸಿನ ತುಂಡನ್ನು ಪಣವಿಟ್ಟು ತಮ್ಮತಮ್ಮಲ್ಲೇ ಪಂದ್ಯ ಕಟ್ಟುತ್ತಿದ್ದರು. ಬರಬರುತ್ತಾ ಗಿರಾಕಿಗಳೂ ಸೇರಿಕೊಂಡರು.

ಮೊದಮೊದಲು ಅವಳಿಗೂ ನಗು ಬರುತ್ತಿತ್ತು. ಈಗ ಬರುತ್ತಿರಲಿಲ್ಲ. ಅವಳ ನದಿಯ ಲೈಸೆನ್ಸು ಚಳಿಗಾಲ ಶುರುವಾಗುವುದರೊಳಗೆ ನವೀಕರಣವಾಗಬೇಕಿತ್ತು. ಅದಕ್ಕೆ ಹಡಗು ನಡೆಸಿದ ದಿನಗಳ ಲೆಕ್ಕ ಕೊಡಬೇಕು, ಹಗ್ಗ ಕಟ್ಟಿ ನಿಂತ ದಿನಗಳು ಲೆಕ್ಕಕ್ಕಿಲ್ಲ. ತೆಕ್ಕೆಯಷ್ಟು ಅಗಲದ ಚುಕ್ಕಾಣಿ ಚಕ್ರದ ಮುಂದೆ ವರ್ಷಗಟ್ಟಲೆ ನಿಂತ ಅವಳು, ಸರ್ಕಾರದ ಕಣ್ಣಿನಲ್ಲಿ ಅಷ್ಟೂ ಕಾಲ ಮನೆಯಲ್ಲಿ ಕೂತವಳಿಗೆ ಸಮ.

ರೇಡಿಯೊ ಕರಕರ ಎಂದಿತು. ಸರಕುದೋಣಿಗಳ ಸಾಲನ್ನು ತಳ್ಳುತ್ತಾ ನದಿಯ ಹರಿವಿನೊಂದಿಗೆ ಕೆಳಗೆ ಸಾಗುತ್ತಿದ್ದ ಟಗ್ಗು ದೋಣಿಯಿಂದ ಕರ್ಟಿಸ್ ಬೋಡೀನ್‌ನ ದನಿ ಕೇಳಿತು. ಒಂದು ಕಾಲದಲ್ಲಿ ಅವಳ ಕೈಕೆಳಗೆ ಹಗ್ಗ ಎಸೆಯುತ್ತಿದ್ದವನು, ಈಗ ತಾನೇ ಕ್ಯಾಪ್ಟನ್ನು.

"ಏನ್ ವರ್ನಾ, ಮಂಜು ಜೋರಾ? ನನ್ ಕಣ್ಣಿಗೆ ಬಿಸಿಲು ಚುಚ್ತಾ ಇದೆಯಲ್ಲ!"

"ನಿನ್ನ ಕಣ್ಣಿಗೆ ಯಾವಾಗ ಸರಿಯಾಗಿ ಕಂಡಿದೆ ಹೇಳು."

"ತಮಾಷೆ ಬಿಡು. ನಮ್ಮಲ್ಲಿ ಟಗ್ಗು ನಡೆಸೋ ಎರಡನೇ ಪೈಲಟ್ ಜಾಗ ಇನ್ನೂ ಖಾಲಿ ಇದೆ. ಲೈಸೆನ್ಸು ಜೀವಂತ ಇಟ್ಕೊ, ಆಮೇಲೆ ನನ್ನ ಬೈಬೇಡ."

ಟಗ್ಗು ದಾಟಿತು. ಅದರ ಅಲೆ ಉದ್ದಕ್ಕೆ ಮಡಿಕೆ ಬೀಳುತ್ತಾ ಬಂದು ಹಡಗಿನ ಪಕ್ಕೆಗೆ ಬಡಿಯಿತು. ವರ್ನಾ ಅಭ್ಯಾಸಬಲದಿಂದ ಕಾಫಿ ಲೋಟಕ್ಕೆ ಕೈ ಅಡ್ಡ ಹಿಡಿದಳು. ಆಮೇಲೆ ಕೈ ತೆಗೆದು ನೋಡಿದಳು. ಕಾಫಿಯ ಮೇಲ್ಮೈ ಕನ್ನಡಿಯಂತೆ ನಿಂತಿತ್ತು. ಒಂದು ಉಂಗುರವೂ ಏಳಲಿಲ್ಲ.

ಅವಳು ಇನ್ನೊಂದು ಟಗ್ಗು ಬರುವ ತನಕ ಕಾದಳು. ಆಗಲೂ ಅಷ್ಟೆ. ಮಧ್ಯಾಹ್ನ ಉದ್ದನೆಯ ಅಳತೆಗೋಲು ಹಿಡಿದು ಹಡಗಿನ ಸುತ್ತ ಒಂದೊಂದು ಕಡೆ ಇಳಿಸಿ ನೋಡಿದಳು. ದಡದ ಕಡೆಯ ಮಗ್ಗುಲಲ್ಲಿ ಗೋಲು ಮೆತ್ತನೆಯ ಹೂಳಿಗೆ ಕಚ್ಚಿಕೊಂಡಿತು. ಎಳೆದರೆ ಬೂದು ಜೇಡಿ ಅಂಟಿಕೊಂಡು ಬಂತು. ಹರಿವ ನೀರಿಗೆ ಅಡ್ಡವಾಗಿ ಅಲುಗದೆ ನಿಂತ ವಸ್ತುವಿನ ಮರೆಯಲ್ಲಿ ನೀರಿನ ವೇಗ ಕುಗ್ಗುತ್ತದೆ, ವೇಗ ಕುಗ್ಗಿದ ನೀರು ಹೊತ್ತುತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ. ಇದರಲ್ಲಿ ಸೋಜಿಗವೇನಿರಲಿಲ್ಲ. ಸೋಜಿಗವೆಂದರೆ ಅವಳ ಸುಳ್ಳು ಸದ್ದಿಲ್ಲದೆ ನಿಜವಾಗಿದ್ದುದು. ಹಡಗು ಹೊರಡಲಾರದು. ಅರ್ಧ ಮಣ್ಣಿನ ಮೇಲೆ, ಅರ್ಧ ನೀರಿನ ಮೇಲೆ ಕೂತಿದೆ. ಆಗಸ್ಟಿನಲ್ಲಿ ನದಿ ಇಳಿದರೆ ನೀರಿನ ಕಡೆಗೆ ವಾಲುತ್ತದೆ. ಒಳಗೆ ಜನ, ಹೊರಗೆ ಎತ್ತಿದ ಹಲಗೆ.

ಅವಳು ನೇರ ಮೇಯರ್ ಲಾಯ್ಡ್ ಪ್ರೌಟಿಯ ಬಳಿ ಹೋದಳು. ಊರಿನ ಔಷಧಿ ಅಂಗಡಿಯವನೂ ಅವನೇ. ಬಿಳಿ ಕೋಟು ತೊಟ್ಟು ಮಾತ್ರೆ ಎಣಿಸುತ್ತಲೇ ಕೇಳಿಸಿಕೊಂಡ. ಕೇಳುತ್ತಾ ಕೇಳುತ್ತಾ ಅವನ ಬೆರಳು ನಿಂತಿತು.

"ಇದನ್ನ ಬೇರೆ ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ. ಹೂಳು ಯಾಕೆ ತೆಗೆಸಿಲ್ಲ ಲಾಯ್ಡ್?"

"ಯಾರು ತೆಗೆಸ್ತಾರೆ? ಮುಂದಿನ ವರ್ಷ ಹಡಗು ಇರುತ್ತೋ ಇಲ್ವೋ ಅಂತ ಕಂಪನಿಯವರಿಗೇ ಗೊತ್ತಿಲ್ಲ. ರಾಜಧಾನಿಯವರು ಒಂದು ವರ್ಷ ಓಡಿಸಿ ಅಂತಾರೆ, ಇನ್ನೊಂದು ವರ್ಷ ಓಡಿಸ್ಬೇಡಿ ಅಂತಾರೆ, ಮೂರನೇ ವರ್ಷ ಮುಚ್ಚೇಬಿಡ್ತೀವಿ ಅಂತ ಹೆದರಿಸ್ತಾರೆ. ಟ್ರ್ಯಾಕ್ಟರ್ ಫ್ಯಾಕ್ಟರಿ ಹೋದ್ಮೇಲೆ ನಮಗೆ ಇನ್ನೇನಿದೆ ಹೇಳು. ಫೈರ್ ಸ್ಟೇಷನ್ನು, ಲೈಬ್ರರಿ, ನಿನ್ನ ತಂಗಿ ಓಡಿಸೋ ಸ್ಕೂಲ್ ಬಸ್ಸು, ಎಲ್ಲಾ ಆ ಹಡಗಿನ ತೆರಿಗೇಲೇ ನಡೀತಿರೋದು. ನೀರಿನ ಪೈಪೆಲ್ಲ ತುಕ್ಕು ಹಿಡಿದಿದೆ. ಬ್ಯಾಂಕಿನವರು ಏನಂತಾರೆ ಗೊತ್ತಾ? ಇಪ್ಪತ್ತು ವರ್ಷದ ಸಾಲ ಬೇಕಾದ್ರೆ ಇಪ್ಪತ್ತು ವರ್ಷ ಅಲುಗದ ಕಾನೂನು ತನ್ನಿ."

"ಕಾನೂನು ಅಲುಗುತ್ತೆ, ಹಡಗು ಅಲುಗಲ್ಲ."

ಪ್ರೌಟಿ ನಗಲಿಲ್ಲ. "ಶುಕ್ರವಾರ ರಾಜ್ಯದ ಸೆನೆಟಿನ ಸಮಿತಿ ನಿನ್ನ ಹಡಗಿನ ಮೇಲೇ ಸಭೆ ಸೇರುತ್ತೆ. ದಡದಲ್ಲೇ ಇರಲಿ, ಇಪ್ಪತ್ತು ವರ್ಷ ಇದೇ ಕಾನೂನು ಇರಲಿ ಅಂತ ನಾವು ಕೇಳ್ಕೊಳ್ಳೋರು. ಆದ್ರೆ ಇವತ್ತಿಗೆ ಹಳೇ ಕಾನೂನೇ ಇರೋದು. ಓಡಲಾರದ ಹಡಗು ಹಡಗೇ ಅಲ್ಲ ಅಂತ ಅದರಲ್ಲಿ ಬರೆದಿದೆ. ಗೊತ್ತಾದ್ರೆ ಅದೇ ಸಂಜೆ ಬೀಗ ಹಾಕ್ತಾರೆ. ದಮ್ಮಯ್ಯ ವರ್ನಾ, ಶುಕ್ರವಾರ ಮಂಜು ಅಂದ್ಬಿಡು."

ವರ್ನಾ ಮನೆಗೆ ನಡೆದು ಬರುವಾಗ ಎದುರಾದವರೆಲ್ಲ ಕೈ ಬೀಸಿದರು. ಅವರಲ್ಲಿ ಹಡಗಿನ ಅನ್ನ ಉಣ್ಣದ ಒಂದು ಮುಖವನ್ನು ಹುಡುಕಿ ಸೋತಳು. ಹೇಳಿದರೆ ಇವರ ಬಾಯಿಗೆ ಮಣ್ಣು. ಹೇಳದಿದ್ದರೆ, ಎತ್ತಿದ ಹಲಗೆಯ ಹಿಂದೆ ಕೂತ ಮುದುಕರನ್ನು ಹೊತ್ತ ಹಡಗು ಒಂದು ದಿನ ಮಗ್ಗುಲಾಗುತ್ತದೆ. ಇವೆರಡರ ನಡುವೆ ಮೂರನೆಯದೊಂದು ಆಸೆ ಅವಳೊಳಗೆ ಕಳ್ಳನಂತೆ ಕೂತಿತ್ತು. ಹೇಳಿಬಿಟ್ಟರೆ ಹೂಳು ತೆಗೆಸಲೇಬೇಕು, ಹಳೆಯ ಕಾನೂನಿನಂತೆ ಹಡಗು ಓಡಲೇಬೇಕು. ಶರತ್ಕಾಲ ಮುಗಿಯುವಷ್ಟರಲ್ಲಿ ಲೈಸೆನ್ಸಿಗೆ ಬೇಕಾದ ದಿನಗಳು ತುಂಬುತ್ತವೆ. ಆಮೇಲೆ ಕರ್ಟಿಸ್‌ನ ಟಗ್ಗು, ಕೆಳಗಿನ ನದಿ. ಆ ಆಸೆ ಬೆರೆತಿದ್ದರಿಂದಲೇ ತನ್ನ ಪ್ರಾಮಾಣಿಕತೆಯ ಮೇಲೆ ಅವಳಿಗೆ ಗುಮಾನಿ.

ಶುಕ್ರವಾರ ಮೋಡದ ಒಂದು ತುಣುಕೂ ಇರಲಿಲ್ಲ. ಸಮಿತಿಯ ಅಧ್ಯಕ್ಷ ಸೆನೆಟರ್ ಹೋಲ್ಕಂಬ್ ಎತ್ತರದ, ಕೆಂಪು ಕತ್ತಿನ ಆಳು, ಮೊದಲು ಹಂದಿ ಸಾಕಿದವನು. ಕೈ ಕುಲುಕಿದವನೇ ಚುಕ್ಕಾಣಿ ಕೋಣೆಯ ಬಾಗಿಲಲ್ಲೇ ನಿಂತ.

"ಕ್ಯಾಪ್ಟನ್, ನಿಮ್ಮ ಕಾರಣಗಳ ವಿಷಯ ರಾಜಧಾನಿವರೆಗೂ ಬಂದಿದೆ ಕಣಮ್ಮ. ಇವತ್ತು ಯಾವುದು? ನಮ್ಮವರೂ ಪಂದ್ಯ ಕಟ್ಟಿದಾರೆ. ಅಥವಾ ಒಂದ್ಸಲ ನಿಜವಾಗ್ಲೂ ಸುತ್ತಾಡಿಸ್ತೀರೋ?"

ಅವನ ಹಿಂದೆ ಪ್ರೌಟಿ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಅವನ ತುಟಿ ಸದ್ದಿಲ್ಲದೆ 'ಮಂಜು' ಎಂದಿತು.

ವರ್ನಾ ಗುಂಡಿ ಒತ್ತಿದಳು. ಕೆಳಗೆ ಜೂಜಿನ ಸ್ಲಾಟ್ ಯಂತ್ರಗಳ ಗಲಗಲ ನಿಂತಿತು. ಎಲ್ಲರೂ ಕಿವಿ ನಿಮಿರಿಸಿದ್ದರು.

"ಪ್ರಯಾಣಿಕರ ಗಮನಕ್ಕೆ. ಇವತ್ತು ಮಂಜಿಲ್ಲ, ಗಾಳಿಯಿಲ್ಲ. ಹಡಗು ಹೂಳಿನ ಮೇಲೆ ಕೂತಿದೆ. ಹೊರಡಲಾರದು. ನದಿ ಇಳಿದರೆ ವಾಲುತ್ತದೆ. ಇದು ತಮಾಷೆಯಲ್ಲ. ಹಲಗೆ ಎತ್ತುವುದಿಲ್ಲ. ದಯವಿಟ್ಟು ಎಲ್ಲರೂ ಇಳಿಯಿರಿ."

ಇಡೀ ಹಡಗು ಗೊಳ್ಳೆಂದು ನಕ್ಕಿತು. ಟೇಬಲ್ ಕುಟ್ಟಿದರು, ಲೋಟ ಎತ್ತಿದರು. "ಹೂಳಂತೆ! ಯಾರೂ ಹೂಳಿಗೆ ಕಟ್ಟಿಲ್ಲ!" ಎಂದು ಓಡೆಲ್ ಬೊಬ್ಬೆ ಹೊಡೆದ. "ಪೈಯೆಲ್ಲ ಕ್ಯಾಪ್ಟನ್ನಿಗೇ!" ಎಲ್ಲರಿಗಿಂತ ಜೋರಾಗಿ ನಕ್ಕವನು ಪ್ರೌಟಿ, ಕಣ್ಣಲ್ಲಿ ನೀರು ಬರುವವರೆಗೂ. ಒಬ್ಬನೂ ಕುರ್ಚಿ ಬಿಟ್ಟು ಏಳಲಿಲ್ಲ.

ಅವರನ್ನು ನಂಬಿಸಲು ವರ್ನಾ ಯಂತ್ರ ಚಾಲೂ ಮಾಡಿ ಹಿಂಬದಿಯ ದೊಡ್ಡ ಚಕ್ರವನ್ನು ತಿರುಗಿಸಿದಳು. ಚಕ್ರದ ಕೆಂಪು ಪಟ್ಟಿಗಳು ನೀರನ್ನು ಬಗೆದವು, ತಳದಿಂದ ಬೂದು ಕೆಸರು ಕುದಿದು ಮೇಲೆ ಬಂತು. ಹಡಗು ಕೂದಲೆಳೆಯಷ್ಟೂ ಕದಲಲಿಲ್ಲ. ಜನ ಕಟಾಂಜನಕ್ಕೆ ಮುಗಿಬಿದ್ದು ಫೋಟೊ ತೆಗೆದರು. ಸರ್ಕಸ್ಸಿನಲ್ಲಿ ಆನೆ ಸೊಂಡಿಲಿನಿಂದ ನೀರು ಎರಚಿದಾಗ ಬೀಳುವಂಥ ಚಪ್ಪಾಳೆ.

ಹೋಲ್ಕಂಬ್ ಮಾತ್ರ ನಗು ನಿಲ್ಲಿಸಿ ಕೆಸರನ್ನೇ ನೋಡುತ್ತಿದ್ದ. ಹಂದಿ ಸಾಕಿದವನಿಗೆ ಕೆಸರಿನ ಗುರುತು ಚೆನ್ನಾಗಿಯೇ ಇತ್ತು. ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ.

"ನಿಜಾನಾ?"

"ನಿಜ ಸಾರ್. ಅಳೆದು ನೋಡಿದೀನಿ. ಹೂಳು ತೆಗೆಸಿದರೆ ಓಡುತ್ತೆ. ಯಂತ್ರ ಚೆನ್ನಾಗಿದೆ, ನಾನೂ ಚೆನ್ನಾಗಿದೀನಿ."

ಅವನು ಗಲ್ಲ ಕೆರೆದುಕೊಂಡ. "ಓಡಿದ್ರೆ ಗಿರಾಕಿಗಳು ಆಚೆ ದಡದ ರಾಜ್ಯದ ಜೂಜುಮನೆಗೆ ಹೋಗ್ತಾರೆ. ಅಲ್ಲಿ ದಿನವಿಡೀ ಬಾಗಿಲು ತೆಗೆದೇ ಇರುತ್ತೆ. ಪ್ರೌಟಿ ಬರೀ ಅದನ್ನೇ ಹೇಳ್ತಿದ್ದ, ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಈಗ ಬಂತು, ಇಳೀರಿ ಅಂದ್ರೂ ಒಬ್ಬನೂ ಎದ್ದಿಲ್ಲ. ನೋಡಿ, ಹಡಗನ್ನ ಓಡಿಸೋದು ಯಾರಿಗೆ ಬೇಕು? ನಿಮ್ಮೊಬ್ಬರಿಗೆ."

"ವಾಲುತ್ತೆ ಅಂದೆನಲ್ಲ."

"ವಾಲೋಕೆ ಬಿಡಲ್ಲ. ಕೆಳಗೆ ಕಾಂಕ್ರೀಟ್ ತುಂಬಿಸೋಣ. ಬಂಡೆ ಮೇಲಿನ ಮನೆ ಹಾಗೆ ಕೂತಿರುತ್ತೆ. ಬೇಕಾದಾಗ ಹತ್ತಲಿ, ಬೇಕಾದಾಗ ಇಳೀಲಿ, ಹಲಗೆ ಎತ್ತೋದೇ ಬೇಡ. ಅದನ್ನೂ ಕಾನೂನಲ್ಲೇ ಬರೆಸ್ತೀನಿ." ಅವಳ ಭುಜದ ಮೇಲೆ ಭಾರವಾದ ಕೈಯಿಟ್ಟ. "ಜನರ ಪ್ರಾಣ ಉಳಿಸಿದ್ರಿ, ಊರನ್ನೂ ಉಳಿಸಿದ್ರಿ. ನಿಮ್ಮ ಕೆಲಸ ಹೋಗದ ಹಾಗೆ ನಾನು ನೋಡ್ಕೋತೀನಿ."

ಅವಳು ಹೇಳಿದ್ದನ್ನು ನಂಬಿದವನು ಅವನೊಬ್ಬನೇ. ಅವನು ನಂಬಿದ್ದರಿಂದಲೇ ಎಲ್ಲ ಮುಗಿಯಿತು.

ಕಾನೂನು ಆ ಬೇಸಿಗೆಯಲ್ಲೇ ಬಂತು, ಇಪ್ಪತ್ತು ವರ್ಷಕ್ಕೆ. ಪ್ರೌಟಿ ಔಷಧಿ ಅಂಗಡಿಯಲ್ಲಿ ಬಂದವರಿಗೆಲ್ಲ ಕೇಕು ಹಂಚಿದ. ಬೀದಿಗಳನ್ನು ಅಗೆದು ಹೊಸ ಪೈಪು ಹಾಕತೊಡಗಿದರು. ನಲ್ಲಿಯಲ್ಲಿ ತುಕ್ಕಿನ ಬಣ್ಣವಿಲ್ಲದ ನೀರು ಬಂದ ದಿನ ವರ್ನಾಳ ತಂಗಿ ಫೋನ್ ಮಾಡಿ ಅತ್ತಳು. ವರ್ನಾಗೂ ಖುಷಿಯಾಯಿತು. ಸುಳ್ಳಲ್ಲ, ಖುಷಿಯೇ ಆಯಿತು. ಅದೇ ವಾರ ದೊಡ್ಡ ಕೊಳವೆಗಳು ಬಂದು ಹಡಗಿನ ಅಡಿಗೆ ಕಾಂಕ್ರೀಟು ಸುರಿದವು.

ಹಲಗೆ ಎತ್ತುವ ಕೆಲಸ ಹೋಯಿತು, ಅವಳ ಕೆಲಸ ಉಳಿಯಿತು. ಜನ ಕಾರಣ ಕೇಳಲೆಂದೇ ಬರುತ್ತಿದ್ದಾರೆ, ನಿಲ್ಲಿಸಬಾರದು ಎಂದಿತು ಕಂಪನಿ. ಹೊಸ ಟೋಪಿ ಕೊಟ್ಟರು, ಸಂಬಳವನ್ನೂ ಏರಿಸಿದರು. ಕ್ಯಾಪ್ಟನ್ ಎಂಬ ಪದವಿಗೆ ಇನ್ನು ನದಿಯ ಲೈಸೆನ್ಸು ಬೇಕಿಲ್ಲ ಎಂದು ಹೊಸ ಕಾನೂನು ಹೇಳಿತು. ನವೆಂಬರಿನಲ್ಲಿ ಅವಳ ಲೈಸೆನ್ಸಿನ ಅವಧಿ ತೀರಿಹೋದಾಗ ಯಾರಿಗೂ ಗೊತ್ತೇ ಆಗಲಿಲ್ಲ.

"ಏನ್ ಕ್ಯಾಪ್ಟನ್, ಇವತ್ತು ಯಾವುದು?" ಓಡೆಲ್ ಮೆಟ್ಟಿಲ ಬುಡದಿಂದ ಕೂಗಿದ. "ನಾನು ಗಾಳಿಗೇ ಕಟ್ಟಿದೀನಿ. ಬಿಡಲ್ಲ."

ನದಿಯಲ್ಲಿ ಕರ್ಟಿಸ್‌ನ ಟಗ್ಗು ಸಾಗುತ್ತಿತ್ತು. ರೇಡಿಯೊ ಇನ್ನು ಬೇಕಿಲ್ಲವೆಂದು ಕಾಂಕ್ರೀಟಿನ ಕೆಲಸದವರು ಕಿತ್ತೊಯ್ದಿದ್ದರಿಂದ ಅವನು ಎರಡು ಸಲ ಸೀಟಿ ಊದಿದ. ಉತ್ತರ ಕೊಡಲು ಅವಳ ಬಳಿ ಮೈಕು ಮಾತ್ರ ಇತ್ತು. ಅದರ ದನಿ ಒಳಗಿನವರಿಗಷ್ಟೇ ಕೇಳುವಂಥದು.

ಟಗ್ಗಿನ ಅಲೆ ಉದ್ದಕ್ಕೆ ಮಡಿಕೆ ಬೀಳುತ್ತಾ ಬಂತು. ವರ್ನಾ ಕಾಫಿ ಲೋಟಕ್ಕೆ ಕೈ ಅಡ್ಡ ಹಿಡಿದಳು. ಹಾಗೇ ಹಿಡಿದುಕೊಂಡು, ಇನ್ನೊಂದು ಕೈಯಿಂದ ಗುಂಡಿ ಒತ್ತಿದಳು.

"ಪ್ರಯಾಣಿಕರ ಗಮನಕ್ಕೆ," ಎಂದಳು. "ಗಾಳಿ ಜೋರಾಗಿದೆ."