ಸಬ್ಖಾ ರೈಡರ್ಸ್‌ನ ಜಯಪಾಲರು

ಆಗಸ್ಟಿನ ಬಿಸಿಲಿನಲ್ಲೂ ಜಯಪಾಲರು ಚರ್ಮದ ಕೌಬಾಯ್ ಬೂಟು ಹಾಕಿಕೊಂಡೇ ದುಬೈಯ ಜುಮೇರಾ ಲೇಕ್ ಟವರ್ಸ್‌ನ ಕೆರೆದಂಡೆಯಲ್ಲಿ ನಡೆಯುತ್ತಿದ್ದರು. ಒಂದು ಹೆಜ್ಜೆಯಿಟ್ಟು, ಯಾವುದೋ ತಾಳ ಬಂದು ಸೇರಲೆಂಬಂತೆ ಕ್ಷಣ ತಡೆದು, ಮತ್ತೊಂದನ್ನಿಡುವ ಆ ಮಂದಗತಿಯನ್ನು ನಾನು ನಮ್ಮ ಬಾಲ್ಕನಿಯಿಂದಲೇ ಗುರುತಿಸುತ್ತಿದ್ದೆ. ಉಡುಪಿ ಕಡೆಯ ಈ ಮಿತಭಾಷಿ ಅಮೆರಿಕದ ಕಂಟ್ರಿ ರಾಕ್ ನುಡಿಸುವ ಬ್ಯಾಂಡೊಂದರ ನಾಯಕರೆಂದು ತಿಳಿದಾಗ ನನಗೆ ನಗು ಬಂದಿತ್ತು.

ಬ್ಯಾಂಡನ್ನು ಕಟ್ಟಿದವರು ತೊಂಬತ್ತರ ದಶಕದಲ್ಲಿ ಅಬುಧಾಬಿ ಕಡೆಯ ರುವೈಸ್‌ನ ತೈಲ ಶುದ್ಧೀಕರಣಾಗಾರದಲ್ಲಿದ್ದ ನಾಲ್ವರು ಅಮೆರಿಕನ್ ಇಂಜಿನಿಯರುಗಳು. ವಸತಿಯ ಸುತ್ತ ಹಬ್ಬಿದ ಉಪ್ಪುನೆಲದ ಅರಬ್ಬಿ ಹೆಸರು ಹಿಡಿದು ಅದನ್ನು 'ಸಬ್ಖಾ ರೈಡರ್ಸ್' ಎಂದು ಕರೆದಿದ್ದರು. ಬೇಸ್ ಗಿಟಾರಿನವನು ರಜೆಗೆ ಹೋದಾಗ ಒಂದು ಸಂಜೆಯ ಮಟ್ಟಿಗೆಂದು ಬಂದ ತರುಣ ಟೆಕ್ನಿಷಿಯನ್ ಜಯಪಾಲರು ಅಲ್ಲೇ ಉಳಿದರು. ಕರಾರು ಮುಗಿದಂತೆ ಅಮೆರಿಕನ್ನರು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದರು. ಹೊರಟವರು ವಾದ್ಯಗಳನ್ನೂ ಹಾಡುಗಳನ್ನೂ ಇವರ ಪಾಲಿಗೆ ಬಿಟ್ಟುಹೋದರು. ಬೂಟು ಬಂದದ್ದೂ ಹಾಗೆಯೇ. ಅಳತೆ ದೊಡ್ಡದು, ಒಳಗೆ ಎರಡು ಜೊತೆ ಕಾಲುಚೀಲ.

ಕೆಲಸ ದುಬೈಗೆ ಬದಲಾದ ಮೇಲೂ ಬ್ಯಾಂಡು ನಿಲ್ಲಲಿಲ್ಲ. ಡ್ರಮ್ಮಿಗೆ ಹಿಶಾಮ್, ಹಾಡಲು ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ನಮ್ಮ ಕಡೆಯ ಒಲಿಂಡಾ. ಹೋಟೆಲೊಂದರಲ್ಲಿ ವರ್ಷಗಟ್ಟಲೆ ಪ್ರತಿ ಶುಕ್ರವಾರ ನುಡಿಸಿದರು. ಕಳೆದ ವರ್ಷ ಆ ಹೋಟೆಲಿನ ಮ್ಯಾನೇಜರ್ ರಂಜಿತ್, ನಮ್ಮ ಊರಿನವನೇ, ಒಂದು ಶುಕ್ರವಾರ ಹಾಡು ಮುಗಿದ ಮೇಲೆ ನನ್ನೆದುರಿಗೇ ಬಂದು ಸಂಕೋಚದಿಂದ ಹೇಳಿದ:

"ಜಯಪಾಲಣ್ಣ, ಹೊಸ ಮಾಲೀಕರು ಕೇಳ್ತಾರೆ, ಅಮೆರಿಕನ್ ಮ್ಯೂಸಿಕ್ ಅಂತ ಬೋರ್ಡು ಹಾಕಿ ಎದುರಿಗೆ ನಮ್ಮವರನ್ನು ನಿಲ್ಲಿಸುದು ಹೇಗೆ ಅಂತ. ಒಬ್ಬ ಬಿಳಿ ಹುಡುಗ ಸಿಕ್ಕಿದ್ದಾನೆ. ಅವ ಎದುರು ನಿಂತು ಬಾಯಾಡಿಸ್ಲಿ, ಒಲಿಂಡಾ ಹಿಂದಿನಿಂದ ಹಾಡ್ಲಿ. ಯಾರಿಗೆ ಗೊತ್ತಾಗ್ತದೆ?"

ಯಾರು ಏನು ಕೇಳಿದರೂ "ಆಯ್ತು, ನೋಡುವ" ಎನ್ನುವುದು ಜಯಪಾಲರ ರೂಢಿ. ರಂಜಿತ್ ಆ ಮಾತಿಗೇ ಕಾದು ನಿಂತಿದ್ದ. ಅವರು ಗಿಟಾರಿನ ವಯರನ್ನು ನಿಧಾನವಾಗಿ ಸುತ್ತಿ ಮುಗಿಸಿ, ಇಲ್ಲವೆನ್ನಲು ಇಲ್ಲಿ ಎಲ್ಲರೂ ಬಳಸುವ ಅರಬ್ಬಿ ಮಾತಿನಲ್ಲಿ, "ಮಾಫಿ, ರಂಜಿತ್. ಅವಳು ಹಿಂದೆ ನಿಲ್ಲುದಿಲ್ಲ" ಎಂದರು.

ಪಾರ್ಕಿಂಗಿನಲ್ಲಿ ಒಲಿಂಡಾ ಅಳುವಂತಾದಳು. "ನನಗೋಸ್ಕರ ಬ್ಯಾಂಡ್ ಮುಳುಗಿಸ್ಬೇಡಿ ಅಂಕಲ್. ಹಿಂದೆ ನಿಂತ್ರೆ ನನಗೇನಾಗ್ತದೆ?"

"ನಿನಗೆ ಏನೂ ಆಗ್ಲಿಕ್ಕಿಲ್ಲ ಮಗಾ, ನನಗೆ ಆಗ್ತದೆ. ರುವೈಸ್‌ನ ಆ ನಾಲ್ವರು ನನ್ನನ್ನು ಒಂದು ದಿನವೂ ಹಿಂದೆ ನಿಲ್ಸಿದವರಲ್ಲ."

ಹೋಟೆಲಿನ ಶುಕ್ರವಾರಗಳು ಕೈತಪ್ಪಿದವು. ಹಿಶಾಮ್ ಬೇರೆ ತಂಡ ಸೇರಿದ. ಜಯಪಾಲರು ಅವನನ್ನು ದೂರಲಿಲ್ಲ, ಆದರೆ ಬಹಳ ದಿನ ಗಿಟಾರನ್ನೂ ಮುಟ್ಟಲಿಲ್ಲ. ಆಮೇಲೆ ಒಲಿಂಡಾಳ ಸಹೋದ್ಯೋಗಿ ಸುಸನ್ ನಿವೃತ್ತಳಾಗಿ ಊರಿಗೆ ಹೊರಟಾಗ, ಅಲ್ ಐನ್‌ನ ಸಣ್ಣ ಹಾಲ್‌ನಲ್ಲಿ ನಡೆದ ಬೀಳ್ಕೊಡುಗೆಗೆ ಇವರಿಗೆ ಕರೆ ಬಂತು. ಡ್ರಮ್ಮಿಲ್ಲದೆಯೇ ನುಡಿಸಿದರು. ಮನೆ ಬಿಟ್ಟು ದೂರ ಹೋದವನ ಹಾಡನ್ನು ಒಲಿಂಡಾ ಎಲ್ಲರೆದುರು ನಿಂತು ಹಾಡಿದಾಗ, ಕುಣಿಯುತ್ತಿದ್ದ ನರ್ಸುಗಳು ಒಬ್ಬೊಬ್ಬರಾಗಿ ನಿಂತುಬಿಟ್ಟರು. ಸುಸನ್ ಮಾತ್ರ ಕಣ್ಣೊರೆಸಿಕೊಳ್ಳುತ್ತಲೇ ಕುಣಿದಳು. ಈಗ ಅಂಥ ಬೀಳ್ಕೊಡುಗೆಗಳೇ ಬ್ಯಾಂಡಿನ ಬದುಕು.

ಎಲ್ಲರೂ ಒಂದು ದಿನ ಹೊರಡಲೆಂದೇ ಬರುವ ಈ ಮರಳುನಾಡಿನಲ್ಲಿ, ಪರರು ಬಿಟ್ಟುಹೋದುದನ್ನು ಸ್ವಂತದ್ದೆಂದು ಎತ್ತಿಕೊಂಡು ಅದಕ್ಕಾಗಿ ನಷ್ಟವನ್ನೂ ಉಣ್ಣುವವರು ಅಲ್ಲಲ್ಲಿ ಇರುತ್ತಾರೆ. ಸಂಗೀತ ಯಾವ ದೇಶದ್ದು, ಹೆಸರು ಯಾರದ್ದು ಎಂದು ನಾವು ಚರ್ಚಿಸುತ್ತ ಕೂರುತ್ತೇವೆ. ಅವರಿಗೆ ಅದಕ್ಕೆ ಪುರುಸೊತ್ತಿಲ್ಲ, ಮುಂದಿನ ಹಾಡಿಗೆ ಶ್ರುತಿ ಮಾಡಿಕೊಳ್ಳುವುದಿರುತ್ತದೆ.